ಸವೆದ ‘ಕಂಪನಿ ಬಿಲ್ಲಿ’ಗೆ ಲಕ್ಷ ರೂಪಾಯಿ? ಮೊದಲು ತೂಕ ಹಾಕಿಸಿ

“ಹಳೇ ತಾಮ್ರದ ನಾಣ್ಯ ಇದೆಯಾ? ಫೋಟೊ ಕಳಿಸಿ, ಲಕ್ಷ ರೂಪಾಯಿ ಪಡೆಯಿರಿ.” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೋ ಅಜ್ಜಿಯ ಸಂದೂಕಿನಲ್ಲೋ ಒಂದೆರಡು ಸವೆದ ಬಿಲ್ಲಿ ಸಿಗುವುದು ದೊಡ್ಡ ಮಾತಲ್ಲ. ಅಕ್ಷರ ಅಳಿಸಿಹೋಗಿ ಒಂದು ಸಿಂಹದ ನೆರಳು ಮಾತ್ರ ಉಳಿದಿದ್ದರೆ ‘ಇದು ವಿಲಾಯತಿ ನಾಣ್ಯ’ ಎಂಬ ಆಸೆ ಶುರುವಾಗುತ್ತದೆ. ವಂಚಕರಿಗೆ ಬೇಕಾಗಿರುವುದೂ ಆ ಆಸೆಯೇ.

ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1950ರ ದಶಕದವರೆಗೂ ಇಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಹಾಗಿದ್ದರೆ ಯುರೋಪಿನವರ ನಾಣ್ಯ ಇಲ್ಲಿಗೆ ಹೇಗೆ ಬಂತು? ದೂರದಿಂದೇನಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಸೊಲ್ಲಾಪುರ ಕಂಪನಿಯ ಕೈಗೆ ಹೋಯಿತು. ಗಡಿಯಾಚೆಯ ಸಂತೆ, ಹತ್ತಿ-ಜೋಳದ ವ್ಯಾಪಾರದ ಜೊತೆ ಆ ಕಡೆಯ ಚಿಲ್ಲರೆ ಈ ಕಡೆ ಬರುವುದು ಸಹಜ. ಅದಕ್ಕೇ ನಿಮ್ಮ ಬಿಲ್ಲಿ ‘ಯುರೋಪಿನದು’ ಎನಿಸಿದರೆ ಮೊದಲು ಅನುಮಾನಿಸಬೇಕಾದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆಯನ್ನು.

1835ರ ಕಾಯ್ದೆಯ ಪ್ರಕಾರ ಕಾಲಾಣೆಯ ತೂಕ 100 ಗ್ರೇನ್, ಅಂದರೆ ಸುಮಾರು 6.48 ಗ್ರಾಂ. ಅರ್ಧಾಣೆ ಅದರ ಎರಡರಷ್ಟು, ಪೈ ಮೂರರಲ್ಲಿ ಒಂದು ಪಾಲು. ಊರಿನ ಅಕ್ಕಸಾಲಿಗರ ತಕ್ಕಡಿ ಈ ಲೆಕ್ಕಕ್ಕೆ ಸಾಕು. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ: ಸವೆದರೆ ತೂಕ ಇಳಿಯುತ್ತದೆ, ಏರುವುದಿಲ್ಲ. 5.9 ಗ್ರಾಂ ಬಂದರೆ ಅದು ಸವೆದ ಕಾಲಾಣೆ ಆಗಿರಬಹುದು. 8 ಗ್ರಾಂ ಬಂದರೆ ಖಂಡಿತ ಅಲ್ಲ. ಸುಮಾರು 25 ಮಿಲಿಮೀಟರ್ ಅಗಲ, ಒಂದು ಬದಿ ಎರಡು ಸಿಂಹಗಳು ಹಿಡಿದ ಲಾಂಛನ, ಇನ್ನೊಂದು ಬದಿ ಎಲೆಗಳ ಮಾಲೆ ಇದ್ದರೆ ಬಹುತೇಕ ಖಾತ್ರಿ. ಸಿಂಹ ಇದ್ದೂ ಹಿಂಬದಿಯಲ್ಲಿ ಪರ್ಷಿಯನ್ ಬರಹ ಕಂಡರೆ ಅದು 1808ರ ಮದ್ರಾಸಿನ ಹತ್ತು ಕಾಸು ಇರಬಹುದು. ಅದನ್ನು ಅಚ್ಚು ಹಾಕಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ತಕ್ಕಡಿಯ ಚಿತ್ರವಿದ್ದರೆ ಕಂಪನಿಯ ಹಳೆಯ ಮುಂಬಯಿ ಪೈಸೆ. ಒಂದರೊಳಗೊಂದು ಹೆಣೆದ ಮೂರು ಇಂಗ್ಲಿಷ್ ಅಕ್ಷರ, ತೂಕ 3 ಗ್ರಾಂ ಆಸುಪಾಸು ಇದ್ದರೆ ಡಚ್ಚರ ಡೌಟ್. ಅದು ಹೆಚ್ಚಾಗಿ ಕರಾವಳಿಯ ನಾಣ್ಯ.

ದಪ್ಪಗೆ, ಅಂಚು ಸೊಟ್ಟಗೆ ಇದ್ದರೆ ಅದು ಹೆಚ್ಚಾಗಿ ಯುರೋಪಿನದಲ್ಲ. ಅದು ಕೈಯಲ್ಲಿ ಸುತ್ತಿಗೆಯಿಂದ ಬಡಿದ ನಾಣ್ಯ. ಕಲಬುರಗಿ ಬಹಮನಿಯರ ಮೊದಲ ರಾಜಧಾನಿ. ಹೊಲದಲ್ಲಿ ಸಿಕ್ಕ ಇಂಥ ಬಿಲ್ಲಿ ಕಂಪನಿ ನಾಣ್ಯಕ್ಕಿಂತ ನಾಲ್ಕು ನೂರು ವರ್ಷ ಹಳೆಯದೂ ಆಗಿರಬಹುದು. ನಾಗರಿ ಅಕ್ಷರವಿದ್ದರೆ ಮರಾಠರ ಶಿವರಾಯಿ ಇರಬಹುದು. ವಿಲಾಯತಿಯ ಮೋಹದಲ್ಲಿ ನಾವು ಮನೆಯ ಚರಿತ್ರೆಯನ್ನೇ ಗುರುತಿಸುವುದಿಲ್ಲ ಅನ್ನುವುದು ನನ್ನ ಬೇಸರ.

ಅಳಿಸಿದ ಅಕ್ಷರ ಓದಲು ಒಂದು ಸುಲಭ ಉಪಾಯವಿದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ನಾಣ್ಯದ ಪಕ್ಕದಲ್ಲಿ, ಬಹುತೇಕ ನೆಲಮಟ್ಟಕ್ಕೆ ಹಿಡಿದು ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಕೂದಲೆಳೆಯಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ. ಆದರೆ ದಯವಿಟ್ಟು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ನಾನು ಶಾಲೆಗೆ ಹೋಗುವಾಗ ನಮ್ಮ ಮನೆಯ ಬಿಲ್ಲಿಯನ್ನು ಹಾಗೇ ಫಳಫಳ ಮಾಡಿದ್ದೆ. ಹೊಳಪು ಬಂತು, ಇಸವಿ ಹೋಯಿತು. ಹುಳಿ ತಾಮ್ರದ ಮೇಲ್ಪದರವನ್ನೇ ತಿನ್ನುತ್ತದೆ. ಸಂಗ್ರಾಹಕರು ಕೊಡುವ ಬೆಲೆಯೂ ಅದರೊಂದಿಗೇ ಇಳಿಯುತ್ತದೆ.

ಈಗ ಲಕ್ಷದ ಮಾತು. ಕಾಲಾಣೆ ಅಪಾರ ಸಂಖ್ಯೆಯಲ್ಲಿ ಅಚ್ಚಾದ ಚಿಲ್ಲರೆ. ಸವೆದ ಒಂದಕ್ಕೆ ಹತ್ತಾರು ರೂಪಾಯಿ, ಹೆಚ್ಚೆಂದರೆ ನೂರಿನ್ನೂರು ಸಿಗಬಹುದು. ಫಾರ್ವರ್ಡ್‌ಗಳಲ್ಲಿ ಮೆರೆಯುವ ‘1818ರ ಒಂದಾಣೆ, ರಾಮ-ಸೀತೆ-ಹನುಮಂತ’ ಬಿಲ್ಲಿಯನ್ನು ಕಂಪನಿ ಅಚ್ಚು ಹಾಕಿಯೇ ಇಲ್ಲ. ಬ್ರಿಟಿಷ್ ಭಾರತದಲ್ಲಿ ಒಂದಾಣೆಯ ನಾಣ್ಯ ಬಂದದ್ದು 1906-07ರ ಹೊತ್ತಿಗೆ, ಅದೂ ತಾಮ್ರ-ನಿಕ್ಕಲ್‌ನಲ್ಲಿ, ಅಲೆಯಂಥ ಅಂಚಿನೊಂದಿಗೆ. ಅಕ್ಕಿ ಎಳೆಯುವ ‘ರೈಸ್ ಪುಲ್ಲಿಂಗ್’ ಶಕ್ತಿಯೂ ಬರೀ ಕೈಚಳಕ: ತಾಮ್ರಕ್ಕೆ ಅಯಸ್ಕಾಂತದ ಗುಣವಿಲ್ಲ, ಅಕ್ಕಿ ಅಯಸ್ಕಾಂತಕ್ಕೆ ಅಂಟುವುದೂ ಇಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಬಿಲ್ಲಿಯ ಕೆಳಗೆ ಅಯಸ್ಕಾಂತ ಬಚ್ಚಿಟ್ಟರೆ ಆಟ ತಯಾರು.

ಹಣ ಹೋಗುವುದು ಫೋಟೊ ಕಳಿಸಿದ ಮೇಲೆ. ‘ನಿಮ್ಮ ನಾಣ್ಯ ಆಯ್ಕೆಯಾಗಿದೆ, ನೋಂದಣಿ ಶುಲ್ಕ ಕಟ್ಟಿ’ ಎಂಬ ಕರೆ ಬರುತ್ತದೆ, ಆಮೇಲೆ ತೆರಿಗೆ, ಕಮಿಷನ್ ಎನ್ನುತ್ತಾರೆ. ಕೆಲವರು ರಿಸರ್ವ್ ಬ್ಯಾಂಕಿನ ಲಾಂಛನವನ್ನೂ ತೋರಿಸುತ್ತಾರೆ. ತಾನು ಹಳೆಯ ನೋಟು-ನಾಣ್ಯದ ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಈಗಾಗಲೇ ದುಡ್ಡು ಕಟ್ಟಿದ್ದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಅಜ್ಜಿಯ ಡಬ್ಬಿಯ ಬಿಲ್ಲಿ ಯಾವುದೆಂದು ತಿಳಿಯಬೇಕಿದ್ದರೆ ಕಲಬುರಗಿಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ವಿಚಾರಿಸಬಹುದು. ಹೊಲ ಉಳುವಾಗ ಗಡಿಗೆಗಟ್ಟಲೆ ಸಿಕ್ಕರೆ ವಿಷಯವೇ ಬೇರೆ: ಅದು ಕಾನೂನಿನ ಲೆಕ್ಕದಲ್ಲಿ ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು.