ಗಣಕಯಂತ್ರದ ಮಾತನ್ನು ನಾವೇಕೆ ಓದಬಾರದು?

ನಮ್ಮ ಕಾಲೇಜಿನಲ್ಲಿ ಲಿನಕ್ಸ್ ಬಳಸುವವರು ಈಚೆಗೆ ಹೆಚ್ಚುತ್ತಿದ್ದಾರೆ. ಇದಕ್ಕೆ ಕಾರಣ ತತ್ತ್ವನಿಷ್ಠೆಯಲ್ಲ, ಬಡತನ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ಹತ್ತಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲ ಮುಗಿಯಿತು; ಹನ್ನೊಂದನ್ನು ಹಾಕೋಣವೆಂದರೆ ಅಣ್ಣಂದಿರಿಂದಲೋ ಸೋದರಮಾವಂದಿರಿಂದಲೋ ನಮ್ಮ ಪಾಲಿಗೆ ಬಂದ ಹಳೆಯ ಲ್ಯಾಪ್‌ಟಾಪುಗಳು ಅದನ್ನು ಒಪ್ಪವು. ಹೀಗೆ, ೧೯೯೧ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕೆಲಸವು ಅರಸೀಕೆರೆಯ ತೆಂಗಿನ ತೋಟದ ಮನೆಗಳವರೆಗೂ ಬಂದು ಮುಟ್ಟಿದೆ. ಸಂತೋಷವೇ. ಆದರೆ ಬಂದ ವಾರದೊಳಗೆ ಒಂದು ದೂರು ಕೇಳಿಬರುತ್ತದೆ: ‘ವೈಫೈ ಬರುವುದಿಲ್ಲ.’

ಈ ದೂರಿಗೆ ನಮ್ಮವರು ಕಂಡುಕೊಂಡಿರುವ ಪರಿಹಾರ ವಿಚಿತ್ರವಾದುದು. ಯಂತ್ರವನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ಹೋಗುವುದು. ಅಂಗಡಿಯವನು ಇದ್ದಬದ್ದುದನ್ನೆಲ್ಲ ಅಳಿಸಿ ಯಾವುದೋ ಕಳ್ಳಪ್ರತಿಯ ವಿಂಡೋಸನ್ನು ತುಂಬುವುದು. ಕೈಯಿಂದ ಹಣ, ಯಂತ್ರದಿಂದ ಒಂದು ವರ್ಷದ ಟಿಪ್ಪಣಿ, ಎರಡನ್ನೂ ಕಳೆದುಕೊಂಡು ಮನೆಗೆ ಬರುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಅರ್ಜಿಗಳೆಲ್ಲ ಜಾಲತಾಣದ ಮೂಲಕವೇ ಹೋಗಬೇಕಾಗಿರುವ ಈ ದಿನಗಳಲ್ಲಿ, ಕೊನೆಯ ದಿನಾಂಕದ ಹಿಂದಿನ ಸಂಜೆ ಇಂತಹ ಗತಿ ಬಂದವರ ಮುಖವನ್ನು ನಾನು ನೋಡಿದ್ದೇನೆ.

ಈ ದೋಷಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಕುಳಿತು ಅರ್ಧ ಗಂಟೆಯಲ್ಲಿ ಗುರುತಿಸಬಹುದು ಎಂಬುದು ನನ್ನ ಅಭಿಪ್ರಾಯ. ಲಿನಕ್ಸ್ ತನಗೇನಾಗಿದೆಯೆಂಬುದನ್ನು ತಾನೇ ಬರೆದಿಡುತ್ತದೆ. ಓದುವವರಿಲ್ಲ, ಅಷ್ಟೆ. ‘ನಾವು ಕಲಾ ವಿಭಾಗದವರು, ನಮಗೇಕೆ?’ ಎನ್ನುವ ಮಿತ್ರರಿಗೆ ನಾನು ಹೇಳುವುದಿಷ್ಟು: ಓದುವ ಕೆಲಸವೆಂದ ಮೇಲೆ ಅದು ನಮ್ಮದೇ.

ಬಿ. ಎಲ್. ರೈಸರು ೧೯೦೨ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ನಮ್ಮ ಹಾಸನ ಜಿಲ್ಲೆಯದು. ಅರಸೀಕೆರೆ, ಬೇಲೂರು ಎಂದು ತಾಲ್ಲೂಕುವಾರು ಸಂಖ್ಯೆ ಹಾಕಿ ಶಾಸನಗಳನ್ನು ಅಲ್ಲಿ ಜೋಡಿಸಿದ್ದಾರೆ. ಶಾಸನವನ್ನು ಕೈಗೆತ್ತಿಕೊಂಡಾಗ ನಾವು ಮೊದಲು ಕೇಳುವುದೇನು? ಕಾಲ ಯಾವುದು, ಹೇಳುತ್ತಿರುವವರು ಯಾರು, ಹೇಳಿದ್ದೇನು. ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ದಿನಚರಿಯೂ ಇದೇ ಕ್ರಮದಲ್ಲಿದೆ. ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರದ ಆಜ್ಞೆ ಕೊಟ್ಟರೆ ಅದು ತೆರೆದುಕೊಳ್ಳುತ್ತದೆ. ಸಾಲಿನ ಮೊದಲಲ್ಲಿ ಯಂತ್ರ ಚಾಲೂ ಆದಂದಿನಿಂದ ಎಷ್ಟನೆಯ ಸೆಕೆಂಡು ಎಂಬ ಕಾಲನಿರ್ದೇಶ, ಅನಂತರ ಮಾತನಾಡುತ್ತಿರುವ ಭಾಗದ ಹೆಸರು, ಆಮೇಲೆ ವಿಷಯ. ಸಾವಿರಾರು ಸಾಲುಗಳಿರುತ್ತವೆ, ನಿಜ. ಅವುಗಳಲ್ಲಿ ನಿಸ್ತಂತು ಕಾರ್ಡಿಗೆ ಸಂಬಂಧಪಟ್ಟವು ಹತ್ತೋ ಹದಿನೈದೋ.

ನನ್ನ ಯಂತ್ರದಲ್ಲಿಯೇ ಆದುದನ್ನು ಹೇಳುತ್ತೇನೆ. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಗೆ ಕಾರ್ಡಿನ ಹೆಸರು ಬಂದಿತು. ಎಂದರೆ ಕಾರ್ಡು ಸತ್ತಿಲ್ಲ. ದಿನಚರಿಯಲ್ಲಿ ಮಾತ್ರ ಒಂದು ಸಾಲು: ಇಂಥ ಫರ್ಮ್‌ವೇರನ್ನು ತುಂಬಲಾಗಲಿಲ್ಲ, ದೋಷ ಸಂಖ್ಯೆ ಋಣ ೨. ಆ ಋಣ ಎರಡಕ್ಕೆ ‘ಅಂಥ ಕಡತವೇ ಇಲ್ಲ’ ಎಂದರ್ಥ. ಫರ್ಮ್‌ವೇರ್ ಎಂಬುದು ಕಾರ್ಡಿನೊಳಗೇ ನಡೆಯುವ ಒಂದು ಚಿಕ್ಕ ಕ್ರಮವಿಧಿ. ಅನೇಕ ಕಾರ್ಡುಗಳಿಗೆ ಪ್ರತಿ ಸಲವೂ ಕರ್ನಲ್ಲೇ ಅದನ್ನು ಒಯ್ದು ತುಂಬಬೇಕು. ಕಡತವನ್ನು ಅಂತರಜಾಲದಿಂದ ತರಬೇಕು. ಅಂತರಜಾಲಕ್ಕೆ ಆ ಕಡತ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ದಾರಿ ಸುಲಭವಾಗಿತ್ತು: ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಟೆದರಿಂಗ್’ ತೆರೆದೆ. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ಸ್ವೀಕರಿಸಿತು. ಕಡತ ಇಳಿಯಿತು, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ, ವೈಫೈ ಬಂತು.

ಹಳೇಬೀಡಿನ ಮಿತ್ರನದು ಇನ್ನೂ ಸುಲಭ. ‘ಆರ್‌ಎಫ್‌ಕಿಲ್’ ಆಜ್ಞೆಯು ಎರಡು ಬಗೆಯ ತಡೆಗಳನ್ನು ತೋರಿಸುತ್ತದೆ: ಒಂದು ಮೆದು, ಆಜ್ಞೆಯಿಂದಲೇ ಬಿಡಿಸಬಹುದು, ಇನ್ನೊಂದು ಗಟ್ಟಿ, ಸಾಮಾನ್ಯವಾಗಿ ಯಂತ್ರದ ಮೈಮೇಲಿನ ಗುಂಡಿಯದು. ಅವನದು ಗಟ್ಟಿ, ಪಕ್ಕದ ಗುಂಡಿಯನ್ನು ಸರಿಸಿದ್ದೇ ತಡ, ಮುಗಿಯಿತು. ಬೇಲೂರಿನಿಂದ ಬರುವ ಸಹಪಾಠಿಯ ಕಾರ್ಡು ೨.೪ ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳಬ. ಫೋನಿನ ಹಾಟ್‌ಸ್ಪಾಟು ೫ರಲ್ಲಿ ಕೂಗಿದರೆ ಅದಕ್ಕೆ ಕೇಳಿಸುವುದೆಂತು? ಇನ್ನು ಸಂಪರ್ಕವಿದ್ದರೂ ತಾಣಗಳು ತೆರೆಯದಿದ್ದರೆ, ಅಂಕಿಯ ವಿಳಾಸಕ್ಕೆ ‘ಪಿಂಗ್’ ಮಾಡಿ ನೋಡಬೇಕು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತಪ್ಪು ವೈಫೈಯದಲ್ಲ, ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್‌ನದು.

ಎಲ್ಲವೂ ಸಾಧ್ಯವೆಂದು ನಾನು ಹೇಳುತ್ತಿಲ್ಲ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಲಿನಕ್ಸಿನ ಚಾಲಕ ಕಡತಗಳಲ್ಲೂ ಹಾಗೆಯೇ ಬರೆದವರ ಹೆಸರು ಕಾಣುತ್ತದೆ, ಬರೆದುದನ್ನೂ ಯಾರು ಬೇಕಾದರೂ ಓದಬಹುದು. ಫರ್ಮ್‌ವೇರ್ ಹಾಗಲ್ಲ. ಬಹುಮಟ್ಟಿಗೆ ಅದು ತಯಾರಕರ ಮುಚ್ಚಿದ ಪೆಟ್ಟಿಗೆ. ಡೆಬಿಯನ್ ಬಳಗದವರು ೨೦೨೨ರಲ್ಲಿ ಮತ ಹಾಕಿ, ಅನುಸ್ಥಾಪನೆಯ ಪ್ರತಿಯಲ್ಲಿ ಇಂಥ ಪೆಟ್ಟಿಗೆಗಳನ್ನೂ ಸೇರಿಸಲು ಒಪ್ಪಿದರು. ೨೦೨೩ರ ಜೂನಿನಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಲ್ಲಿ ಅದು ಜಾರಿಗೆ ಬಂತು. ತತ್ತ್ವ ಸಡಿಲವಾಯಿತೆಂದು ಕೆಲವರು ನೊಂದುಕೊಳ್ಳಬಹುದು. ಮನೆಯಲ್ಲಿ ಬೇರೆ ತಂತಿಯ ಸಂಪರ್ಕವಿಲ್ಲದ ನಮ್ಮಂಥವರ ಮಟ್ಟಿಗೆ ಅದು ಸರಿಯಾದ ತೀರ್ಮಾನವೆಂದೇ ನನ್ನ ಎಣಿಕೆ. ಏನು ಮಾಡಿದರೂ ಏಳದ ಕಾರ್ಡೂ ಉಂಟು. ಆಗ ಲಿನಕ್ಸಿಗೆ ಹೊಂದುವ ಒಂದು ಪುಟ್ಟ ಯುಎಸ್‌ಬಿ ಅಡಾಪ್ಟರನ್ನು ಕೊಳ್ಳುವುದೇ ಜಾಣತನ.

ನಮ್ಮ ನಿಜವಾದ ಕೊರತೆ ಬೇರೆ. ಈ ವಿಷಯ ಕನ್ನಡದಲ್ಲಿ ಬರಹವಾಗಿ ದೊರೆಯುವುದು ಬಲು ವಿರಳ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಪಾಠ ಲಿನಕ್ಸಿನ ಮೇಲೆಯೇ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಗಡಿಯಾಚೆ ಹೈಸ್ಕೂಲಿನ ಮಕ್ಕಳು ಓದುವುದನ್ನು ಇಲ್ಲಿ ಪದವಿ ತರಗತಿಯ ನಾವು ಓದಲಾರೆವೆಂದರೆ ಯಾರು ನಂಬಿಯಾರು?

ಆದುದರಿಂದ ಅಧ್ಯಾಪಕವರ್ಗದವರಲ್ಲಿ ನನ್ನದೊಂದು ಬಿನ್ನಹ. ಗ್ರಂಥಾಲಯದಲ್ಲಿ ಒಂದು ರಟ್ಟಿನ ಪುಸ್ತಕವಿರಲಿ. ರೈಸರು ಶಾಸನಗಳಿಗೆ ಮಾಡಿದಂತೆ ಸಂಖ್ಯೆ ಹಾಕಿ, ಯಂತ್ರದ ಮಾದರಿ, ಕಾರ್ಡಿನ ಹೆಸರು, ದಿನಚರಿಯಲ್ಲಿ ಬಂದ ಸಾಲು, ಫಲಿಸಿದ ಉಪಾಯ, ಫಲಿಸದ ಉಪಾಯ, ತಾರೀಖು ಇವಿಷ್ಟನ್ನು ಕನ್ನಡದಲ್ಲಿ ಬರೆಯುತ್ತ ಹೋಗೋಣ. ಮೊದಲನೆಯ ಸಂಖ್ಯೆಗೆ ನನ್ನ ಯಂತ್ರದ ವೃತ್ತಾಂತವನ್ನು ಬರೆದಿಟ್ಟಿದ್ದೇನೆ. ಎರಡನೆಯದಕ್ಕೆ ಹಳೇಬೀಡಿನ ಮಿತ್ರ ಒಪ್ಪಿದ್ದಾನೆ. ಗ್ರಂಥಪಾಲಕರು ಕಪಾಟಿನಲ್ಲಿ ಒಂದು ಮೂಲೆ ಕೊಟ್ಟರೆ ಸಾಕು.