ಜಾಲತಾಣದ ಮಾರಾಟವೂ ಕಾರ್ಡಿನ ಹಣವೂ

ಶ್ರೀನಿವಾಸಪುರದ ಮಾವು, ಮಂಡ್ಯದ ಬೆಲ್ಲ, ಬ್ಯಾಡಗಿಯ ಮೆಣಸಿನಕಾಯಿ, ಕೊಡಗಿನ ಕಾಫಿ ಇವೇ ಮೊದಲಾದ ಪದಾರ್ಥಗಳನ್ನು ಮಂಡಿಯ ದಲ್ಲಾಳಿಗಳ ಕೈಗೆ ಕೊಡದೆ ಬಳಸತಕ್ಕವರಿಗೇ ನೇರವಾಗಿ ಮಾರಬೇಕೆಂಬ ಅಭಿಲಾಷೆಯು ಈಚೆಗೆ ಬೆಳೆಗಾರರಲ್ಲಿ ಹುಟ್ಟಿರುವುದು ಸಂತೋಷಕರವಾದ ಸಂಗತಿಯು. ಇದಕ್ಕಾಗಿ ಸಣ್ಣ ಜಾಲತಾಣಗಳನ್ನು ಏರ್ಪಡಿಸಿಕೊಳ್ಳತಕ್ಕವರೂ ಉಂಟು. ಚಿತ್ರಗಳೂ ಬೆಲೆಪಟ್ಟಿಯೂ ಅಂದವಾಗಿಯೇ ಇರುವುವು. ಆದರೆ ಹಣವನ್ನು ಪಡೆಯುವ ಏರ್ಪಾಡನ್ನು ಮಾತ್ರ ಊರಿನಲ್ಲಿ ಇಂಗ್ಲೀಷು ಬಲ್ಲ ಯಾರಾದರೊಬ್ಬ ಹುಡುಗನಿಗೆ ಒಪ್ಪಿಸಿ ಯಜಮಾನರು ಸುಮ್ಮನಾಗುವುದು ಸರಿಯಲ್ಲವು. ಫಸಲಿನ ಹಣವು ಹಾದುಬರುವ ತೂಬು ಇದೇ ಆಗಿರುವುದರಿಂದ, ಅದರ ಕೀಲಿಯು ಯಾರ ಕೈಯಲ್ಲಿದೆಯೆಂಬುದನ್ನು ಅವರು ತಿಳಿದಿರಲೇಬೇಕು.

ಹಿಂದೆ ದೂರದ ಗಿರಾಕಿಗೆ ಸರಕನ್ನು ವಿ. ಪಿ. ಅಂಚೆಯಲ್ಲಿ ಕಳುಹಿಸಿದರೆ, ಅಂಚೆಯವರು ಹಣವನ್ನು ಪಡೆದು ಸರಕನ್ನು ಕೊಟ್ಟು, ಆ ಹಣವನ್ನು ಮಾರಿದವನಿಗೆ ತಲಪಿಸುತ್ತಿದ್ದರು. ಕಾರ್ಡಿನ ವ್ಯವಹಾರದಲ್ಲಿಯೂ ಹೀಗೆಯೇ ನಡುವೆ ಒಂದು ಸಂಸ್ಥೆಯಿರುವುದು. ಇದಕ್ಕೆ ಪೇಮೆಂಟ್ ಅಗ್ರಿಗೇಟರ್ ಎಂದು ಹೆಸರು. ರೇಜರ್‌ಪೇ, ಪೇಯು, ಸಿಸಿಅವೆನ್ಯೂ ಮೊದಲಾದುವು ಈ ಬಗೆಯವು. ಗಿರಾಕಿಯ ಬ್ಯಾಂಕಿನಿಂದ ಹಣವನ್ನು ತರಿಸಿ, ತಮ್ಮ ರುಸುಮನ್ನು ಮುರಿದುಕೊಂಡು, ಉಳಿದುದನ್ನು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮಾರಿದವನ ಖಾತೆಗೆ ಜಮಾ ಮಾಡುವುವು. ಬ್ಯಾಂಕಲ್ಲದ ಇಂತಹ ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಅನುಮತಿಯನ್ನು ಪಡೆಯತಕ್ಕದ್ದೆಂದು ೨೦೨೦ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ನಿಬಂಧನೆಯಾಯಿತು. ಅನುಮತಿ ಪಡೆದವರ ಪಟ್ಟಿಯು ಆ ಬ್ಯಾಂಕಿನ ಜಾಲತಾಣದಲ್ಲಿಯೇ ದೊರೆಯುವುದು. ಅದನ್ನು ನೋಡದೆ, ರುಸುಮು ಕಡಮೆಯೆಂದು ಹೇಳುತ್ತ ಮನೆಬಾಗಿಲಿಗೆ ಬಂದವನಿಗೆ ರುಜು ಹಾಕಿಕೊಡುವುದು ಅಪಾಯಕರವು.

ಖಾತೆಯು ಯಾರ ಹೆಸರಿನಲ್ಲಿರಬೇಕೆಂಬುದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯು. ಹತ್ತು ಮಂದಿ ತೋಟದವರು ಸೇರಿ ಮಾರುವುದಾದರೆ, ಸಹಕಾರ ಸಂಘದ ಅಥವಾ ರೈತ ಉತ್ಪಾದಕರ ಕಂಪನಿಯ ಪ್ಯಾನ್ ಸಂಖ್ಯೆಯನ್ನೂ ಅದೇ ಹೆಸರಿನ ಬ್ಯಾಂಕು ಖಾತೆಯನ್ನೂ ಕೊಟ್ಟು ನೋಂದಾಯಿಸತಕ್ಕದ್ದು. ಅವಸರದಲ್ಲಿ ಒಬ್ಬನ ಸ್ವಂತ ಖಾತೆಯನ್ನು ಕೊಟ್ಟರೆ ಎಲ್ಲರ ಫಸಲಿನ ಹಣವೂ ಅವನೊಬ್ಬನ ವರಮಾನವೆಂದು ಕಾಗದದಲ್ಲಿ ಕಾಣುವುದು. ಅವನ ಸಾಲಕ್ಕಾಗಿ ಖಾತೆಯು ಜಪ್ತಿಯಾದರೆ ಹತ್ತು ಮನೆಗಳೂ ಬಾಗಿಲಲ್ಲಿ ಕಾಯಬೇಕಾಗುವುದು. ಬದುವಿನ ವ್ಯಾಜ್ಯವೇ ತೀರದಿರುವ ಊರುಗಳಲ್ಲಿ ಈ ಹೊಸ ವ್ಯಾಜ್ಯವೊಂದು ಬೇಕಿಲ್ಲ. ಕೆಲಸ ನೋಡಿಕೊಳ್ಳುವ ಹುಡುಗನಿಗೆ ಪ್ರತ್ಯೇಕವಾದ ಪ್ರವೇಶವನ್ನು ಕೊಡಬಹುದು. ಬ್ಯಾಂಕು ಖಾತೆಯನ್ನು ಬದಲಾಯಿಸುವ ಅಧಿಕಾರವನ್ನು ಮಾತ್ರ ಕೊಡಲಾಗದು.

ಕಾರ್ಡಿನ ಅಂಕೆಗಳನ್ನು ಫೋನಿನಲ್ಲಿ ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು. ೨೦೨೨ನೆಯ ಇಸವಿ ಅಕ್ಟೋಬರ್ ೧ನೆಯ ತಾರೀಖಿನಿಂದ, ಕಾರ್ಡನ್ನು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲಗಳ ಹೊರತು ಯಾರೂ ಪೂರ್ಣ ಸಂಖ್ಯೆಯನ್ನು ಶೇಖರಿಸಕೂಡದು. ಗಿರಾಕಿಯು ಹಣ ಕೊಡುವ ವೇಳೆಗೆ ಅಗ್ರಿಗೇಟರಿನ ಪುಟಕ್ಕೇ ಹೋಗಿ ಅಲ್ಲಿಯೇ ಅಂಕೆಗಳನ್ನು ತುಂಬುವ ಏರ್ಪಾಡು ಸಣ್ಣ ಮಾರಾಟಗಾರರಿಗೆ ಯುಕ್ತವಾದುದು. ಗುಪ್ತ ವಿವರಗಳು ಹಳ್ಳಿಯ ಗಣಕಯಂತ್ರಕ್ಕೆ ಬರುವುದೇ ಇಲ್ಲವು.

ಇನ್ನು ರುಸುಮು. ಇದು ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟಿರುವುದು; ಕಾರ್ಡಿನ ಮೊಬಲಗು ೨೦೦೦ ರೂಪಾಯಿಗೆ ಮೀರಿದ್ದರೆ ಆ ರುಸುಮಿನ ಮೇಲೆ ನೂರಕ್ಕೆ ೧೮ರಂತೆ ತೆರಿಗೆಯುಂಟು. ೬೦೦ ರೂಪಾಯಿನ ಮಾವಿನ ಪೆಟ್ಟಿಗೆಗೆ ೧೨ ರೂಪಾಯಿ ರುಸುಮು, ಕೈಗೆ ಬರುವುದು ೫೮೮ ರೂಪಾಯಿ. ದಲ್ಲಾಳಿಯ ಕಮಿಷನ್ನಿನ ಮುಂದೆ ಇದು ಹೆಚ್ಚೇನೂ ಅಲ್ಲವು. ಆದರೂ ಬೆಲೆಯನ್ನು ಗೊತ್ತುಮಾಡುವಾಗಲೇ ಇದನ್ನು ಸೇರಿಸಿಕೊಳ್ಳಬೇಕೇ ಹೊರತು ಕೊನೆಯಲ್ಲಿ ಕಾರ್ಡಿನವರಿಂದ ಪ್ರತ್ಯೇಕವಾಗಿ ಕೇಳುವುದು ಮರ್ಯಾದೆಯಲ್ಲ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡುಗಳಿಗೆ ಬ್ಯಾಂಕಿನ ರುಸುಮು ಇರಕೂಡದೆಂದು ೨೦೨೦ನೆಯ ಇಸವಿ ಜನವರಿ ೧ರಿಂದ ಸರ್ಕಾರವು ವಿಧಿಸಿತು. ಆದಕಾರಣ ವರ್ಷಕ್ಕೆ ಇಪ್ಪತ್ತು ಪೆಟ್ಟಿಗೆಗಳನ್ನು ಪರಿಚಿತರಿಗೇ ಮಾರುವವನಿಗೆ ಕ್ರೆಡಿಟ್ ಕಾರ್ಡಿನ ಗೊಡವೆಯೇ ಅನಾವಶ್ಯಕವು. ಬೆಂಗಳೂರು, ಮುಂಬಯಿಗಳ ಅಪರಿಚಿತ ಗಿರಾಕಿಗಳನ್ನು ಬಯಸತಕ್ಕವರಿಗೆ ಮಾತ್ರ ಅದು ಬೇಕಾಗುವುದು.

ಇಂತಹ ಗಿರಾಕಿಯು ಹಣ್ಣು ಕೊಳೆತಿತ್ತೆಂದೋ ಬರಲೇ ಇಲ್ಲವೆಂದೋ ತನ್ನ ಬ್ಯಾಂಕಿಗೆ ದೂರು ಕೊಟ್ಟರೆ, ಜಮೆಯಾದ ಹಣವೂ ಹಿಂದಕ್ಕೆ ಹೋಗಬಹುದು. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುವರು. ಕೆಲವೇ ದಿನಗಳೊಳಗೆ ಮಾರಿದವನು ರುಜುವಾತನ್ನು ಒಪ್ಪಿಸದಿದ್ದರೆ ಹಣವೂ ಹೋಯಿತು, ಹಣ್ಣೂ ಹೋಯಿತು. ಆದುದರಿಂದ ಪಾರ್ಸಲಿನ ರಸೀತಿಯನ್ನೂ, ತುಂಬುವಾಗ ತೆಗೆದ ಚಿತ್ರವನ್ನೂ ಆರು ತಿಂಗಳವರೆಗಾದರೂ ಇಟ್ಟಿರಬೇಕು. ಹಣ್ಣು ಕೆಟ್ಟು ತಲಪಿದರೆ ಎಷ್ಟು ದಿನದೊಳಗೆ ತಿಳಿಸಬೇಕು, ಹಣ ಹಿಂದಿರುಗುವುದೇ ಅಥವಾ ಬೇರೆ ಪೆಟ್ಟಿಗೆ ಬರುವುದೇ ಎಂಬುದನ್ನು ಜಾಲತಾಣದಲ್ಲಿ ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಮೊದಲೇ ಪ್ರಕಟಿಸತಕ್ಕದ್ದು. ವಿಳಾಸವೂ ಈ ನಿಯಮಗಳೂ ಇಲ್ಲದ ತಾಣಗಳನ್ನು ಅಗ್ರಿಗೇಟರುಗಳು ಒಪ್ಪುವುದೂ ಇಲ್ಲ. ಹಣವನ್ನು ಹಿಂದಿರುಗಿಸಿದಾಗ್ಯೂ ಮುರಿದುಕೊಂಡ ರುಸುಮು ಸಾಮಾನ್ಯವಾಗಿ ಮರಳಿ ಬಾರದು. ವಾರಕ್ಕೊಮ್ಮೆ ಸಂಘದ ಕಾರ್ಯದರ್ಶಿಯು ಕಳುಹಿಸಿದ ಪೆಟ್ಟಿಗೆಗಳ ಲೆಕ್ಕವನ್ನೂ ಬ್ಯಾಂಕಿನಲ್ಲಿ ಜಮೆಯಾದ ಮೊಬಲಗನ್ನೂ ತಾಳೆನೋಡಿ, ವ್ಯತ್ಯಾಸವನ್ನು ಸದಸ್ಯರ ಎದುರಿನಲ್ಲಿ ಓದಿ ಹೇಳತಕ್ಕದ್ದು.