ಜೈಲು ಹೋಯಿತು, ದಂಡ ಬಂತು



ಗೊರವನಹಳ್ಳಿಯಿಂದ ಹಿಡಿದು ಮಧುಗಿರಿ, ಸಿರಾ, ಪಾವಗಡದವರೆಗೆ ನಮ್ಮ ಸೀಮೆಯಲ್ಲಿ ಬಿಸಿಲಿಗೂ ಬರವಿಲ್ಲ, ಕಲ್ಲಿಗೂ ಬರವಿಲ್ಲ. ಬಿಸಿಲಿದ್ದ ಕಡೆ ಸಂಡಿಗೆ, ಹಪ್ಪಳ. ಕಲ್ಲಿದ್ದ ಕಡೆ ಜಲ್ಲಿ ಕ್ರಷರ್. ಎರಡೂ ಒಂದೇ ಊರಿನಲ್ಲಿದ್ದರೆ ಏನಾಗುತ್ತೆ ಅಂತ ಅಲ್ಲಿನವರಿಗೆ ನಾನು ಹೇಳಬೇಕಿಲ್ಲ. ಬೆಳಗ್ಗೆ ಬೆಳ್ಳಗೆ ಹರವಿದ ಅಕ್ಕಿ ಸಂಡಿಗೆ ಸಂಜೆಗೆ ಬೂದಿ ಬಣ್ಣ! ಸಂಡಿಗೆಗಾದರೆ ತೆಳು ಪಂಚೆ ಹೊದಿಸಬಹುದು. ಅಂಗಳದಲ್ಲಿ ಆಡುವ ಮಗುವಿನ ಮೂಗಿಗೆ ಏನು ಹೊದಿಸೋಣ? ಕಲ್ಲಿನ ದೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಎದೆಗೂಡು ಸೇರಿದರೆ ಬರುವ ಸಿಲಿಕೋಸಿಸ್ ಎಂಬ ಕಾಯಿಲೆಗೆ ಇಂದಿಗೂ ಪೂರ್ತಿ ವಾಸಿಮಾಡುವ ಔಷಧಿಯಿಲ್ಲ.

ಇಂಥದ್ದನ್ನು ತಡೆಯಲೆಂದೇ 1981ರಲ್ಲಿ ವಾಯು ಮಾಲಿನ್ಯ ಕಾಯ್ದೆ ಬಂತು. ಮಿತಿ ಮೀರಿ ಹೊಗೆ, ದೂಳು ಬಿಡುವ ಕಾರ್ಖಾನೆಯ ಯಜಮಾನನಿಗೆ ಒಂದೂವರೆ ವರ್ಷದಿಂದ 6 ವರ್ಷದವರೆಗೆ ಜೈಲು, ಮೇಲೆ ದಂಡ ಎಂದು ಅದರಲ್ಲಿತ್ತು. 2023ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಜನ್ ವಿಶ್ವಾಸ್ ಕಾಯ್ದೆಯನ್ನು ಅಂಗೀಕರಿಸಿತು. ಒಂದೇ ಏಟಿಗೆ 42 ಕಾಯ್ದೆಗಳ ತಿದ್ದುಪಡಿ, ಅದರಲ್ಲಿ ಈ ಗಾಳಿಯ ಕಾಯ್ದೆಯೂ ಒಂದು. 2024ರ ಏಪ್ರಿಲ್ 1ರಿಂದ ಮಿತಿ ಮೀರಿದ ತಪ್ಪಿಗೆ ಜೈಲಿಲ್ಲ; 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಅಷ್ಟೆ. ಅದನ್ನು ಗೊತ್ತುಮಾಡುವವರು ಕೋರ್ಟಿನವರಲ್ಲ, ಸರ್ಕಾರದ ಹಿರಿಯ ಅಧಿಕಾರಿ. ವಸೂಲಾದ ಹಣ ಪರಿಸರ ಸಂರಕ್ಷಣಾ ನಿಧಿಗೆ ಹೋಗುತ್ತೆ, ಕೆಮ್ಮುವ ಮಗುವಿನ ಔಷಧಿಗಲ್ಲ.

ಇದರಿಂದ ಒಳ್ಳೆಯದೇ ಆಯಿತು ಅನ್ನುವವರೂ ಇದ್ದಾರೆ. ಜೈಲಿನ ಮಾತು ಕಾಗದದಲ್ಲೇ ಉಳಿಯುತ್ತಿತ್ತು, ಕೇಸು ವರ್ಷಗಟ್ಟಲೆ ಎಳೆಯುತ್ತಿತ್ತು, ದಂಡವಾದರೆ ಬೇಗ ಬೀಳುತ್ತೆ ಅಂತ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ನನಗೊಂದು ಅನುಮಾನ. ಚಿಕ್ಕ ಕ್ರಷರಿನವನಿಗೆ 15 ಲಕ್ಷ ಅಂದರೆ ನಡ ಮುರಿದಂತೆ. ದೊಡ್ಡ ಕಾರ್ಖಾನೆಯವನು ಅದನ್ನು ಡೀಸೆಲ್ ಖರ್ಚಿನ ಜೊತೆ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುವುದಿಲ್ಲವೇ? ಕಾರ್ಖಾನೆಯೇ ಬೇಡ ಅನ್ನುವವಳಲ್ಲ ನಾನು. ವಸಂತನರಸಾಪುರಕ್ಕೆ ದುಡಿಯಲು ಹೋಗುವ ಮಕ್ಕಳು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರಲ್ಲ!

ಅಮೆರಿಕಾದವರು ಇನ್ನೂ ಮುಂದೆ ಹೋದರು. ಟೈರು ಮಾಡುವಾಗ ರಬ್ಬರನ್ನು ಮಸಿಪುಡಿ, ಗಂಧಕ, ಎಣ್ಣೆಗಳ ಜೊತೆ ಬಿಸಿಯಲ್ಲಿ ನಾದುತ್ತಾರೆ. ಆಗ ಏಳುವ ಹೊಗೆಗೆ ಅಲ್ಲಿನ ಪರಿಸರ ಇಲಾಖೆ 2024ರ ನವೆಂಬರಿನಲ್ಲಿ ಮಿತಿ ಹಾಕಿತ್ತು. 2025ರಲ್ಲಿ ಅಲ್ಲಿನ ಸಂಸತ್ತು ಆ ನಿಯಮವನ್ನೇ ರದ್ದು ಮಾಡಿತು. ಹೊಸ ಕಾನೂನು ಬರುವವರೆಗೆ ಇಲಾಖೆ ಅಂಥದ್ದೇ ನಿಯಮ ಮತ್ತೆ ತರುವಂತೆಯೂ ಇಲ್ಲವಂತೆ.

ನಮ್ಮಲ್ಲಿ ಹೋದದ್ದು ಜೈಲು ಮಾತ್ರ, ನಿಯಮ ಹಾಗೇ ಇದೆ. ಇದನ್ನು ಮರೆಯಬೇಡಿ. ಕ್ರಷರಿನ ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ ಒಂದು ಘನ ಮೀಟರ್ ಗಾಳಿಯಲ್ಲಿ ತೇಲುವ ದೂಳು 600 ಮೈಕ್ರೋಗ್ರಾಂ ದಾಟಬಾರದು. ಅಳೆಯುವ ಯಂತ್ರ ನಮ್ಮ ಹತ್ತಿರ ಎಲ್ಲಿಂದ ಬರಬೇಕು ಅಂತೀರಾ? ಕಣ್ಣಿಗೆ ಕಾಣುವುದೂ ನಿಯಮದಲ್ಲಿದೆ. ಯಂತ್ರದಲ್ಲಿ ದೂಳು ಅಡಗಿಸುವ ವ್ಯವಸ್ಥೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ ಇರಬೇಕು. ನೆಲ ಗುಡಿಸಿ ನೀರು ಹಾಕುತ್ತಿರಬೇಕು. ದೂಳೇಳದಂತೆ ನೀರು ಚಿಮುಕಿಸಿ ಗುಡಿಸುವುದನ್ನು ನಮಗೆ ಯಾರಾದರೂ ಕಲಿಸಬೇಕೇ?

ಊರಲ್ಲಿ ಇದು ನಡೆಯುತ್ತಿಲ್ಲವಾದರೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ದೂಳೆದ್ದ ದಿನ, ಹೊತ್ತು ಗುರುತು ಹಾಕುತ್ತಾ ಬನ್ನಿ. ಹದಿನೈದು ದಿನದ ಲೆಕ್ಕವನ್ನು ನಾಲ್ಕಾರು ಮನೆಯವರು ಸೇರಿ ಸಹಿ ಹಾಕಿ ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆ ಕ್ರಷರಿಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಸಮ್ಮತಿಯ ಷರತ್ತುಗಳು ಅದರಲ್ಲೇ ಇರುತ್ತವೆ. ಗ್ರಾಮಸಭೆಗೆ ಹೋಗುವಾಗ ಆ ಕಾಗದ ನಿಮ್ಮ ಕೈಯಲ್ಲಿರಲಿ, ಅಂಚೆ ರಸೀದಿಯನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ.